ಬೆಕ್ಕಿಗೂ ಒಂದು ಹಾಜರಿ ಪುಸ್ತಕ

ನಮ್ಮ ಮೆಣಸಿ ಕಪ್ಪು ಬೆಕ್ಕು. ಒಣಗಿದ ಕಾಳುಮೆಣಸಿನ ರಾಶಿ ಮೇಲೆ ಮಲಗಿದರೆ ಎಲ್ಲಿದ್ದಾಳೆ ಅಂತ ಗೊತ್ತೇ ಆಗುವುದಿಲ್ಲ, ಅದಕ್ಕೇ ಆ ಹೆಸರು. ವಯಸ್ಸು ಏಳು. ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ ನಮ್ಮ ಸಣ್ಣ ಕಾಫಿ ತೋಟ. ಹಳೇ ಹೆಂಚಿನ ಮನೆಯಲ್ಲಿ ನಾವಿಬ್ಬರು, ಅತ್ತೆ, ಒಂದು ನಾಯಿ ಮತ್ತು ಇವಳು.

ಹೋದ ವರ್ಷ ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಸಂಜೆ, ಒಲೆ ಪಕ್ಕ ನಿದ್ದೆ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ಚಿಮ್ಮಿ ಎದ್ದಳು. ಕಣ್ಣು ಪೂರ್ತಿ ಕಪ್ಪು. ಬಾಲ ಬಾಟಲಿ ತೊಳೆಯೋ ಬ್ರಷ್ಷಿನ ಹಾಗೆ. ಬೆನ್ನಿನ ಚರ್ಮ ಅಲೆ ಅಲೆಯಾಗಿ ಅಲುಗುತ್ತಿತ್ತು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಓಡಿ ಭತ್ತ ತುಂಬಿಡುವ ಪತ್ತಾಯದ ಅಡಿ ಸೇರಿಕೊಂಡಳು. ಒಂದು ಗಂಟೆ ಕಳೆದ ಮೇಲೆ ಹೊರಗೆ ಬಂದು, ಏನೂ ಆಗಿಲ್ಲ ಅನ್ನೋ ಹಾಗೆ ಅನ್ನ ಮೀನು ತಿಂದಳು. ನಾಲ್ಕು ದಿನ ಬಿಟ್ಟು ಮತ್ತೆ ಅದೇ.

ಇಂಥದ್ದು ನಿಮ್ಮ ಮನೆಯಲ್ಲೂ ನಡೆಯುತ್ತಿದ್ದರೆ ನಾನು ಮಾಡಿದ್ದನ್ನು ಹೇಳುತ್ತೇನೆ. ಮಾಡಬಾರದಾಗಿದ್ದನ್ನೂ ಹೇಳುತ್ತೇನೆ, ಅದೇ ಜಾಸ್ತಿ.

ಮೊದಲನೆಯದು, ಆ ಹೊತ್ತಿನಲ್ಲಿ ಬೆಕ್ಕನ್ನು ಹಿಡಿಯಬೇಡಿ. ಎರಡನೇ ಸಲ ನಾನು ಸಮಾಧಾನ ಮಾಡಲು ಎತ್ತಿಕೊಳ್ಳಲು ಹೋದೆ. ಹೆಬ್ಬೆರಳ ಬುಡಕ್ಕೆ ಹಲ್ಲು ಇಳಿಯಿತು. ಅವಳಿಗೆ ರೇಬೀಸ್ ಲಸಿಕೆ ಹಾಕಿಸಿ ಎರಡು ವರ್ಷ ದಾಟಿತ್ತು. ತಪ್ಪು ನನ್ನದೇ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಸೂಜಿ ಶುರು ಮಾಡಿಸಿದೆ. ಹತ್ತು ದಿನ ಬೆಕ್ಕಿನ ಮೇಲೆ ಕಣ್ಣಿಟ್ಟಿದ್ದೆವು. ನಮ್ಮ ಊರಿನಲ್ಲಿ ಬೆಕ್ಕು ತೋಟ, ಗದ್ದೆ, ಪಕ್ಕದ ಕೆಲಸದವರ ಲೈನ್ ಮನೆ ಎಲ್ಲ ಸುತ್ತಿ ಬರುತ್ತದೆ. ಲಸಿಕೆ ಆಗದ ಬೆಕ್ಕು ಹೀಗೆ ವಿಚಿತ್ರವಾಗಿ ಆಡಿದರೆ, ಅದರಲ್ಲೂ ಜೊಲ್ಲು ಸುರಿಸುತ್ತಾ ಮೈಮೇಲೆ ಬಂದರೆ, ಮುಟ್ಟಬೇಡಿ. ಕೋಣೆಯಲ್ಲಿ ಕೂಡಿಹಾಕಿ ಡಾಕ್ಟ್ರಿಗೆ ಫೋನ್ ಮಾಡಿ.

ಈಗ ನಾನು ಮಾಡುವುದು ಇಷ್ಟು. ಟಿವಿ, ಮಿಕ್ಸಿ ನಿಲ್ಲಿಸುತ್ತೇನೆ. ದೊಡ್ಡ ಲೈಟು ಆರಿಸುತ್ತೇನೆ. ಒಲೆ, ಬಾವಿಕಟ್ಟೆ, ಮೆಟ್ಟಿಲ ಕಡೆ ಓಡದ ಹಾಗೆ ಬಾಗಿಲು ಹಾಕುತ್ತೇನೆ. ಗಡಿಯಾರ ನೋಡಿ, ಮೊಬೈಲ್ ತೆಗೆದು ದೂರದಿಂದಲೇ ವಿಡಿಯೋ ಮಾಡುತ್ತೇನೆ. ಬೆಕ್ಕು ಒದ್ದಾಡುವಾಗ ವಿಡಿಯೋ ಮಾಡುತ್ತಾ ನಿಲ್ಲುವುದು ಕಟುಕತನ ಅನ್ನಿಸುತ್ತದೆ, ನಮ್ಮ ಮನೆಯವರು ಹಾಗೆ ಅಂದೂ ಇದ್ದಾರೆ. ಆದರೆ ಡಾಕ್ಟ್ರ ಮೇಜಿನ ಮೇಲೆ ಕೂತ ಬೆಕ್ಕು ಕಲ್ಲಿನ ಹಾಗೆ ಸುಮ್ನೆ ಇರುತ್ತದೆ. ಅಲ್ಲಿ ಮಾತಾಡುವುದು ಆ ವಿಡಿಯೋ ಮಾತ್ರ.

ಕಾಯಬಾರದ ಸಂದರ್ಭಗಳೂ ಇವೆ. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ, ಒಂದೇ ದಿನದಲ್ಲಿ ಎರಡು ಮೂರು ಸಲ ಬಂದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ, ಹಿಂಗಾಲು ಎಳೆಯುತ್ತಾ ಪಾದ ತಣ್ಣಗಾಗಿದ್ದರೆ, ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ಆಗಲೇ ಹೊರಡಬೇಕು. ಪಶು ಇಲಾಖೆಯ ಸಹಾಯವಾಣಿ 1962. ನಮ್ಮ ಕಡೆ ಪಶು ಆಸ್ಪತ್ರೆ ಅಂದರೆ ಹೆಚ್ಚಾಗಿ ದನ, ಹಂದಿ, ಕೋಳಿ. ಬೆಕ್ಕು ನೋಡುವವರು ಹತ್ತಿರದಲ್ಲಿ ಯಾರಿದ್ದಾರೆ ಅಂತ ಆರಾಮಾಗಿರುವಾಗಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ಇನ್ನು ಕಾರಣ. ಕಾರಣ ಹೇಳುವವರಿಗೆ ಊರಲ್ಲಿ ಕೊರತೆ ಇಲ್ಲ. ಅತ್ತೆ ದೃಷ್ಟಿ ಅಂದರು, ಮೆಣಸಿನಕಾಯಿ ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದರು. ಆ ಘಾಟಿಗೆ ಬೆಕ್ಕು ಎರಡು ದಿನ ಸೀನಿತು. ದೃಷ್ಟಿ ತೆಗೆಯಲು ನನ್ನ ಅಡ್ಡಿ ಇಲ್ಲ, ಮೆಣಸಿನಕಾಯಿ ಸುಡುವುದು ಮಾತ್ರ ಬೆಕ್ಕು ಇಲ್ಲದ ಕಡೆ ಆಗಲಿ. ಎದುರು ಮನೆ ಅಜ್ಜ ಹೇಳಿದ್ದು ಇನ್ನೂ ಕಷ್ಟದ್ದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿಯುವ ಮೊದಲು ಬೆಕ್ಕುಗಳು ಹೀಗೇ ಆಡಿದ್ದವಂತೆ. ಹೊರಗೆ ಮಳೆ ಧಾರಾಕಾರ, ಮನೆ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಆ ಮಾತು ಕೇಳಿ ಒಂದು ವಾರ ನನಗೆ ನಿದ್ದೆ ಇಲ್ಲ. ಆಮೇಲೆ ನೆನಪಾಯಿತು: 2022ರ ಜೂನ್ ಕೊನೆಯಲ್ಲಿ ನಮ್ಮ ಜಿಲ್ಲೆಯ ಚೆಂಬು ಕಡೆ ಭೂಮಿ ನಡುಗಿದ ಬೆಳಗ್ಗೆ ಇದೇ ಮೆಣಸಿ ಅಡಿಗೆಮನೆಯಲ್ಲಿ ಆರಾಮಾಗಿ ಮೊಟ್ಟೆಗೆ ಕಾಯುತ್ತಾ ಕೂತಿದ್ದಳು. ಇವಳನ್ನು ನಂಬಿ ಗಂಟುಮೂಟೆ ಕಟ್ಟುವುದು ಬೇಡ ಅಂದುಕೊಂಡೆ.

ನೀವು ಮೊದಲು ಹುಡುಕಬೇಕಾದ್ದು ಮನೆಯೊಳಗೆ. ನಾಯಿಗೆ ಉಣ್ಣಿ ಅಂತ ಕುತ್ತಿಗೆಗೆ ಹಾಕುವ ಹನಿ ಔಷಧ ಇದೆಯಲ್ಲ, ಅದರ ಪ್ಯಾಕೆಟ್ ತೆಗೆದು ಓದಿ. ಪರ್ಮೆಥ್ರಿನ್ ಅಂತಿದ್ದರೆ ಅದು ಬೆಕ್ಕಿಗೆ ವಿಷ. ನಾಯಿಯ ಮೈಗೆ ಉಜ್ಜಿಕೊಂಡು ಮಲಗಿದರೂ ಸಾಕು, ನಡುಕ, ಫಿಟ್ಸ್ ಬರಬಹುದು. ಬೆಕ್ಕಿನ ಲಿವರಿಗೆ ಅದನ್ನು ಕರಗಿಸಲು ಬರುವುದಿಲ್ಲ. ಪ್ಯಾರಾಸಿಟಮಾಲ್ ಕೂಡ ಹಾಗೇ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಜ್ವರ ಇರಬಹುದು, ಅರ್ಧ ಕೊಟ್ಟು ನೋಡೋಣ ಅಂತ ನಮ್ಮ ಮನೆಯವರು ಅಂದಿದ್ದರು. ಪುಣ್ಯಕ್ಕೆ ಡಬ್ಬ ಖಾಲಿ ಇತ್ತು.

ಮಳೆಗಾಲದಲ್ಲಿ ಮೂಗಿನ ಹೊಳ್ಳೆಯನ್ನೂ ಟಾರ್ಚ್ ಹಾಕಿ ನೋಡಿ. ತೋಡಿನ ನೀರು ಕುಡಿಯುವ ಪ್ರಾಣಿಯ ಮೂಗಿನೊಳಗೆ ಜಿಗಣೆ ಸೇರಿಕೊಳ್ಳುವುದುಂಟು. ಸೀನು, ಮೂಗಿನಿಂದ ರಕ್ತ, ಮುಖ ಉಜ್ಜಿಕೊಂಡು ಓಡಾಟ, ಇವಿದ್ದರೆ ಅನುಮಾನ ಪಡಿ. ಕಿವಿಯೊಳಗೆ ಉಣ್ಣಿ ಕೂತಿದೆಯಾ, ಅದನ್ನೂ ನೋಡಿ. ಏನು ತಿನ್ನಿಸುತ್ತೀರಿ ಅನ್ನುವುದೂ ಮುಖ್ಯ. ದಿನಾ ಹಸಿ ಮೀನೇ ಹಾಕಿದರೆ, ಕೆಲವು ಮೀನುಗಳಲ್ಲಿರುವ ಒಂದು ಅಂಶ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ, ಅದರಿಂದಲೂ ನರದ ತೊಂದರೆ ಬರುತ್ತದೆ. ಬೇಯಿಸಿ ಹಾಕಿದರೆ ಆ ಭಯವಿಲ್ಲ.

ಮೆಣಸಿಯಲ್ಲಿ ಇದು ಯಾವುದೂ ಸಿಗಲಿಲ್ಲ. ಹೀಗಾಗಿ ಡಾಕ್ಟ್ರು.

ಮೊದಲನೆಯವರು ಹೊಟ್ಟೆ ಒತ್ತಿ ನೋಡಿ ಜಂತುಹುಳ ಅಂದರು. ಮಾತ್ರೆ ಹಾಕಿದೆವು. ಜಂತು ಹೋಗಿರಬಹುದು, ಭಯ ಹೋಗಲಿಲ್ಲ. ಎರಡನೆಯವರು ವಿಡಿಯೋ ನೋಡಿ, ಬೆನ್ನಿನ ಚರ್ಮ ಹೀಗೆ ಅಲುಗುವುದಕ್ಕೆ ಹೈಪರೆಸ್ತೇಸಿಯಾ ಅಂತ ಹೆಸರು ಅಂದರು. ನನಗೆ ಸಮಾಧಾನವಾಯಿತು, ಹೆಸರು ಸಿಕ್ಕಿತಲ್ಲ ಅಂತ. ಮನೆಗೆ ಬಂದು ಓದಿದರೆ ಅದು ಬೇರೆ ಏನೂ ಅಲ್ಲ ಅಂತಾದ ಮೇಲೆ ಇಡುವ ಹೆಸರು. ಚರ್ಮದ ಕಾಯಿಲೆ, ಬೆನ್ನು ನೋವು, ಫಿಟ್ಸ್, ಎಲ್ಲ ನೋಡಿ ಬಿಟ್ಟ ಮೇಲೆ ಉಳಿಯುವುದು. ನಮ್ಮ ವಿಷಯದಲ್ಲಿ ಯಾವುದನ್ನೂ ನೋಡಿರಲೇ ಇಲ್ಲ. ಆದರೆ ಅವರು ಒಂದು ಒಳ್ಳೆ ಪ್ರಶ್ನೆ ಕೇಳಿದ್ದರು: ತಿಂಗಳಿಗೆ ಎಷ್ಟು ಸಲ ಬರುತ್ತದೆ? ನನ್ನ ಹತ್ತಿರ ಉತ್ತರವಿರಲಿಲ್ಲ. ಜಾಸ್ತಿ ಬರುತ್ತೆ ಸಾರ್ ಅಂದೆ.

ಅವತ್ತು ರಾತ್ರಿ ತೋಟದ ಹಾಜರಿ ಪುಸ್ತಕದಲ್ಲಿ, ಕೆಲಸದವರ ಹೆಸರುಗಳ ಕೆಳಗೆ, ಮೆಣಸಿಗೂ ಒಂದು ಸಾಲು ಹಾಕಿದೆ. ಪ್ರತ್ಯೇಕ ಪುಸ್ತಕ ಮಾಡಿದ್ದರೆ ಮೂರೇ ದಿನಕ್ಕೆ ಮರೆಯುತ್ತಿದ್ದೆ. ಹಾಜರಿ ಪುಸ್ತಕ ಹೇಗಿದ್ದರೂ ದಿನಾ ತೆರೆಯುವುದೇ. ಬಂದ ದಿನ ಗುಣಾಕಾರ ಚಿಹ್ನೆ. ಹಿಂದಿನ ಪುಟದಲ್ಲಿ ವಿವರ: ಎಷ್ಟು ಗಂಟೆಗೆ, ಎಷ್ಟು ನಿಮಿಷ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಳು, ಮನೆಯಲ್ಲಿ ಏನು ಸದ್ದಿತ್ತು, ಕರೆಂಟ್ ಹೋಗಿ ಬಂತಾ, ಹೆಸರು ಕರೆದರೆ ಕಿವಿ ತಿರುಗಿಸಿದಳಾ, ಮುಖದ ಒಂದು ಬದಿ ಅದುರಿತಾ, ಉಚ್ಚೆ ಹೋಯಿತಾ, ಆಮೇಲೆ ಎಷ್ಟು ಹೊತ್ತು ಮಂಕಾಗಿದ್ದಳು. ಬರಲಿಲ್ಲ ಅನ್ನುವ ದಿನಗಳೂ ಲೆಕ್ಕಕ್ಕೆ ಬೇಕು, ಖಾಲಿ ಚೌಕವೂ ಮಾಹಿತಿಯೇ. ಕೂಲಿ ಬಟವಾಡೆ ದಿನ ನಮ್ಮ ಕೆಲಸದಾಕೆ ಪುಸ್ತಕ ಇಣುಕಿ ನೋಡಿ, "ಅಕ್ಕಾ, ಬೆಕ್ಕಿಗೆ ದಿನಕ್ಕೆ ಎಷ್ಟು ಕೊಡ್ತೀರಿ?" ಅಂತ ಕೇಳಿದಳು.

ಮೂರು ತಿಂಗಳಲ್ಲಿ 17 ಗುರುತು. ಅದರಲ್ಲಿ 9 ಸಂಜೆ ಆರೂವರೆಯಿಂದ ಏಳೂವರೆ ಒಳಗೆ. ಇದು ನನಗೆ ಗೊತ್ತೇ ಇರಲಿಲ್ಲ. ಕೇಳಿದ್ದರೆ ಯಾವಾಗ ಬೇಕಾದರೂ ಬರುತ್ತೆ ಅಂತ ಆಣೆ ಮಾಡಿ ಹೇಳುತ್ತಿದ್ದೆ. ಆ ಹೊತ್ತಿನಲ್ಲಿ ಏನಿರುತ್ತದೆ ಅಂತ ನಾಲ್ಕು ಸಂಜೆ ಕುರ್ಚಿ ಹಾಕಿ ಕೂತೆ. ಅಟ್ಟದ ಮೂಲೆಯಲ್ಲಿ, ಒಡೆದ ಹೆಂಚಿನ ಸಂದಿಯಿಂದ ಪುಟ್ಟ ಬಾವಲಿಗಳು ಒಂದೊಂದಾಗಿ ಹೊರಗೆ ಹೋಗುತ್ತಿದ್ದವು. ನಮಗೆ ಒಂದು ಸದ್ದೂ ಇಲ್ಲ. ನಮ್ಮ ಕಿವಿಗೆ 20 ಸಾವಿರ ಹರ್ಟ್ಜ್ ತನಕ ಕೇಳಿದರೆ ಬೆಕ್ಕಿಗೆ 60 ಸಾವಿರ ದಾಟಿಯೂ ಕೇಳುತ್ತದೆ. ನಮಗೆ ನಿಶ್ಶಬ್ದವಾದ ಅಟ್ಟ ಅವಳಿಗೆ ಸಂತೆ ಇದ್ದ ಹಾಗೆ ಇದ್ದಿರಬೇಕು. ಉಳಿದ 8ಕ್ಕೆ ಲೆಕ್ಕ ಸಿಗಲಿಲ್ಲ. ಬೆಳಗಿನ ಜಾವ ಮೂರಕ್ಕೆ ಒಂದು, ಮಟಮಟ ಮಧ್ಯಾಹ್ನ ಒಂದು, ಹೀಗೆ.

ಆ ಪುಸ್ತಕ, ವಿಡಿಯೋ ಹಿಡಿದು ಮೈಸೂರಿಗೆ ಹೋದೆವು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ನೂರು ಕಿಲೋಮೀಟರ್ ಆಸುಪಾಸು. ಹಣ್ಣಿನ ಕ್ರೇಟಿಗೆ ಇನ್ನೊಂದು ಕ್ರೇಟ್ ಕವುಚಿ ಕಟ್ಟಿ, ಒಳಗೆ ನನ್ನ ಹಳೇ ಸೀರೆ ಹಾಸಿ, ಮೇಲೆ ಬೆಡ್‌ಶೀಟ್ ಹೊದಿಸಿದ್ದೆ. ಹೋಗುವ ವಾರಕ್ಕೆ ಮುಂಚೆಯೇ ಕ್ರೇಟನ್ನು ಮನೆಯಲ್ಲಿಟ್ಟು ಅದರಲ್ಲೇ ಊಟ ಹಾಕಿ. ಪ್ರಯಾಣದ ಭಯಕ್ಕೆ ಮುಂಚಿತವಾಗಿ ಕೊಡುವ ಮಾತ್ರೆಯೂ ಇದೆ, ಫೋನಿನಲ್ಲಿ ಕೇಳಿಕೊಳ್ಳಿ. ನೀವೇ ಅಂದಾಜಿಗೆ ಕೊಡಬೇಡಿ.

ಮೂರನೆಯ ಡಾಕ್ಟ್ರು ಪುಸ್ತಕವನ್ನು ಬೆಕ್ಕಿಗಿಂತ ಜಾಸ್ತಿ ಹೊತ್ತು ನೋಡಿದರು. ರಕ್ತ ಪರೀಕ್ಷೆ, ಥೈರಾಯ್ಡ್, ಬಿಪಿ ಮಾಡಿಸಿದರು. ಬೆಕ್ಕಿಗೂ ಬಿಪಿ ನೋಡುತ್ತಾರೆ, ಮೇಲಿನ ಸಂಖ್ಯೆ 160 ದಾಟಿದರೆ ಚಿಂತೆ. ವಯಸ್ಸಾದ ಬೆಕ್ಕಿನಲ್ಲಿ ಕಿಡ್ನಿ, ಥೈರಾಯ್ಡ್ ತೊಂದರೆಯಿಂದ ಅದು ಏರುತ್ತದೆ, ಕಣ್ಣೂ ಹೋಗಬಹುದು. ಇವಳದೆಲ್ಲ ಸರಿಯಾಗಿತ್ತು. "ಬರಿ ಭಯವೂ ಇರಬಹುದು, ಸಣ್ಣ ಫಿಟ್ಸೂ ಇರಬಹುದು. ನನಗೆ ಫಿಟ್ಸ್ ಅನ್ನಿಸುತ್ತೆ, ಗ್ಯಾರಂಟಿ ಇಲ್ಲ" ಅಂದರು. ಹೆದರಿದ ಬೆಕ್ಕು ಒಂದು ಕಡೆಗೆ ನೋಡುತ್ತದೆ, ಕರೆದರೆ ಕಿವಿ ತಿರುಗಿಸುತ್ತದೆ. ಫಿಟ್ಸಿನಲ್ಲಿ ಪ್ರತಿ ಸಲ ಅದೇ ಕ್ರಮ, ಕರೆದರೂ ಗೊತ್ತಾಗುವುದಿಲ್ಲ, ಆಮೇಲೆ ಮಂಕು. ನಮ್ಮ ಪುಸ್ತಕದಲ್ಲಿ ಎರಡೂ ಥರದ್ದು ಇತ್ತು.

ಗ್ಯಾರಂಟಿ ಇಲ್ಲ ಅಂದವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೂವರಲ್ಲಿ ಇವರೊಬ್ಬರನ್ನೇ ಪೂರ್ತಿ ನಂಬಿದೆ.

ಡಾಕ್ಟ್ರ ಹತ್ತಿರ ಮೂರು ಮಾತು ಕೇಳಿ. ಇದಲ್ಲದಿದ್ದರೆ ಮತ್ತೇನಿರಬಹುದು? ಈ ಮಾತ್ರೆ ಹಿಡಿಸಿದೆ ಅಂತ ಎಷ್ಟು ದಿನಕ್ಕೆ, ಏನು ನೋಡಿ ತಿಳಿಯಬೇಕು? ಮತ್ತೆ, ಎಂಆರ್‌ಐ ಥರದ ದೊಡ್ಡ ಪರೀಕ್ಷೆ ಹೇಳಿದರೆ, ಆ ರಿಪೋರ್ಟ್ ಬಂದ ಮೇಲೆ ನೀವು ಕೊಡೋ ಔಷಧ ಬದಲಾಗುತ್ತಾ? ನಮಗೆ ಸಿಕ್ಕ ಉತ್ತರ, ಈ ವಯಸ್ಸಿಗೆ, ಇಷ್ಟು ಸಣ್ಣದಾಗಿ ಬರುವುದಕ್ಕೆ, ಮೊದಲು ಮಾತ್ರೆ ಕೊಟ್ಟು ನೋಡೋಣ. ಆ ಪರೀಕ್ಷೆಗೆ ಬೆಂಗಳೂರಿಗೆ ಹೋಗುವುದು ತಪ್ಪಿತು.

ಫಿಟ್ಸ್ ತಡೆಯುವ ಫಿನೊಬಾರ್ಬಿಟಲ್ ಮಾತ್ರೆ ಬರೆದುಕೊಟ್ಟರು. ಹನ್ನೆರಡು ಗಂಟೆಗೊಂದು, ತಪ್ಪಿಸುವಂತಿಲ್ಲ. ಎರಡು ಮೂರು ವಾರ ಕಳೆದು ರಕ್ತದಲ್ಲಿ ಔಷಧ ಎಷ್ಟಿದೆ ಅಂತ ನೋಡಿಸಬೇಕು. ಇದನ್ನು ನಾವಾಗಿ ಇದ್ದಕ್ಕಿದ್ದಂತೆ ನಿಲ್ಲಿಸಬಾರದು, ಫಿಟ್ಸ್ ಇನ್ನೂ ಜೋರಾಗಿ ಬರಬಹುದು. ಮಾತ್ರೆ ಕಹಿ. ಬೆಣ್ಣೆ ಸವರಿ ನಾಲಿಗೆ ಹಿಂದೆ ಇಟ್ಟು, ಕೂಡಲೇ ಒಂದು ಚಮಚ ಮೀನಿನ ಸಾರು ಕುಡಿಸುತ್ತೇನೆ. ಒಣ ಮಾತ್ರೆ ಬೆಕ್ಕಿನ ಗಂಟಲಲ್ಲೇ ಕೂತು ಹುಣ್ಣು ಮಾಡುವುದುಂಟು.

ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಮಾತ್ರೆ ಶುರುವಾದ ವಾರವೇ ನಮ್ಮ ಮನೆಯವರು ಉತ್ಸಾಹದಲ್ಲಿ ಅಟ್ಟದ ಸಂದಿಗೆ, ಬಾವಲಿಗಳು ಹೊರಗೆ ಹೋದ ರಾತ್ರಿ, ಜಾಲರಿ ಹೊಡೆದುಬಿಟ್ಟರು. ನಾನೇ ಟಾರ್ಚ್ ಹಿಡಿದಿದ್ದೆ. ಆಮೇಲಿನ ಮೂರು ತಿಂಗಳಲ್ಲಿ ಗುರುತು 4 ಮಾತ್ರ, ಒಂದೂ ಮುಸ್ಸಂಜೆಯದಲ್ಲ. ಮಾತ್ರೆಯಿಂದ ಕಡಿಮೆಯಾಯಿತಾ, ಜಾಲರಿಯಿಂದಾ, ಅಥವಾ ಚಳಿಗಾಲಕ್ಕೆ ತಾನಾಗೇ ತಗ್ಗಿತಾ? ಹೇಳಲು ಬರುವುದಿಲ್ಲ. ಮಾತ್ರೆ ನಿಲ್ಲಿಸಿ ನೋಡಲು ಧೈರ್ಯ ಇಲ್ಲ, ಬಾವಲಿಗಳನ್ನು ವಾಪಸ್ ಕರೆಯಲಂತೂ ಆಗುವುದಿಲ್ಲ. ನೀವು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು.

ಅಡಗುವ ಜಾಗ ಮಾತ್ರ ಬದಲಾಯಿಸಬೇಡಿ. ಪತ್ತಾಯದ ಅಡಿ ಒಂದು ಗೋಣಿ ಹಾಸಿ, ನೀರಿನ ಬಟ್ಟಲು ಇಟ್ಟಿದ್ದೇನೆ. ಅಲ್ಲಿದ್ದಾಗ ಯಾರೂ ಎಳೆಯುವಂತಿಲ್ಲ, ಬಗ್ಗಿ ನೋಡುವಂತೆಯೂ ಇಲ್ಲ. ಕೈಲ್‌ಪೊಳ್ದ್, ಹುತ್ತರಿ ಹಬ್ಬಗಳಿಗೆ ಅಕ್ಕಪಕ್ಕದಲ್ಲಿ ಗುಂಡು ಹಾರುತ್ತದೆ. ಆನೆ ಓಡಿಸಲು ಪಟಾಕಿಯಂತೂ ಹೊತ್ತುಗೊತ್ತಿಲ್ಲ. ಹಬ್ಬದ ದಿನ ಸಂಜೆಗೆ ಮುಂಚೆಯೇ ಅವಳನ್ನು ಒಳಕೋಣೆಗೆ ಸೇರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ರೇಡಿಯೋ ಸಣ್ಣಗೆ ಹಾಕಿಡುತ್ತೇನೆ.

ಈ ಸಲ ಮಳೆಗೆ ಮುಂಚೆಯೇ ಒಂದು ತಿಂಗಳ ಮಾತ್ರೆ ತಂದಿಟ್ಟಿದ್ದೇನೆ. ಅದು ಚೀಟಿ ಇಲ್ಲದೆ ಸಿಗುವುದಿಲ್ಲ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ರಸ್ತೆಗೆ ಮರ ಬಿದ್ದರೆ ಎರಡು ದಿನ ಪೇಟೆ ಮುಖ ನೋಡುವ ಹಾಗಿಲ್ಲ. ಲಸಿಕೆಯೂ ಆಯಿತು. ಮೊನ್ನೆ ಮಂಗಳವಾರ ಬೆಳಗ್ಗೆ 5.40ಕ್ಕೆ ಒಂದು ಗುರುತು ಬಿದ್ದಿದೆ: ಒಂದು ನಿಮಿಷ ಹತ್ತು ಸೆಕೆಂಡ್, ಕರೆಂಟ್ ಇತ್ತು, ಮಳೆ ಇಲ್ಲ, ಕರೆದಾಗ ಎಡ ಕಿವಿ ತಿರುಗಿಸಿದಳು, ಆಮೇಲೆ ಮೊಟ್ಟೆ ತಿಂದಳು.