ಬ್ರೇಕರ್ ಇತ್ತು, ಅರ್ಥಿಂಗ್ ಇತ್ತು, ಆದರೂ ಶಾಕ್ ಹೊಡೆಯಿತು

ಶೆಡ್ಡಿನ ಕೊನೆಯಲ್ಲಿದ್ದ ಗ್ರೈಂಡಿಂಗ್ ಮೆಷಿನ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಎಂದು ಆಪರೇಟರ್ ಬಂದು ಹೇಳಿದರು. "ಬ್ರೇಕರ್ ಟ್ರಿಪ್ ಆಗಿಲ್ವಾ?" ಎಂದು ಕೇಳಿದೆ. "ಇಲ್ಲ ಸರ್, ಮೆಷಿನ್ ಓಡ್ತಾನೇ ಇದೆ" ಅಂದರು. ಆ ಮಾತು ಕೇಳಿ ನನಗೆ ಭಯವಾಯಿತು. ಶಾಕ್ ಹೊಡೆಯುತ್ತಿದೆ, ಆದರೆ ಕರೆಂಟ್ ಹೋಗಿಲ್ಲ ಅಂದರೆ ಅಲ್ಲಿ ರಕ್ಷಣೆ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ಯಾರೂ ಹತ್ತಿರ ಹೋಗದ ಹಾಗೆ ನೋಡಿಕೊಂಡು, ಗ್ಲೌಸ್ ಹಾಕಿ, ಮೆಷಿನ್ನಿನ ಬಾಡಿಗೂ ಪಕ್ಕದ ಕಬ್ಬಿಣದ ಕಂಬಕ್ಕೂ ನಡುವೆ ಮೀಟರ್ ಹಿಡಿದೆ. 180 ವೋಲ್ಟಿನ ಆಸುಪಾಸು ತೋರಿಸಿತು. ಆಪರೇಟರ್ ಕಾಲಲ್ಲಿ ಒಣಗಿದ ಸೇಫ್ಟಿ ಶೂ ಇತ್ತು, ಅಷ್ಟೇ ಅವರನ್ನು ಉಳಿಸಿದ್ದು. ತಕ್ಷಣ ಸಪ್ಲೈ ತೆಗೆದೆವು. ಮೋಟಾರಿನ ಟರ್ಮಿನಲ್ ಬಾಕ್ಸಿನಲ್ಲಿ ಒಂದು ಫೇಸ್ ವೈರಿನ ಇನ್ಸುಲೇಷನ್ ಸವೆದು ಬಾಡಿಗೆ ತಾಗಿತ್ತು.

ವೈರ್ ಸರಿಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಆ ಮೆಷಿನ್ನಿಗೆ ಅರ್ಥಿಂಗ್ ಇತ್ತು. ಪಕ್ಕದಲ್ಲೇ ಅರ್ಥ್ ಪಿಟ್, ಅಂದರೆ ಮೆಷಿನ್ನಿನ ಬಾಡಿಯನ್ನು ಮಣ್ಣಿಗೆ ಸೇರಿಸುವ ಗುಂಡಿ, ಇತ್ತು. ಮಣ್ಣಿಗೆ ಕರೆಂಟ್ ಹೋಗಲು ಅಲ್ಲಿರುವ ತಡೆಯ ರೀಡಿಂಗ್ 4 ಓಮ್, ಎಲ್ಲರೂ ಒಳ್ಳೆಯದು ಎಂದು ಒಪ್ಪುವ ಅಂಕಿ. ಹಾಗಾದರೆ ಆ ಮೆಷಿನ್ನಿನ ಬ್ರೇಕರ್, 63 ಆಂಪಿಯರ್ ಎಂಸಿಬಿ, ಯಾಕೆ ಸುಮ್ನೆ ಕೂತಿತ್ತು?

ಕಾಗದದ ಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಆ ಪಿಟ್ಟಿನಿಂದ ಮೇನ್ ಪ್ಯಾನೆಲ್‌ಗೆ ತಂತಿಯ ಸಂಬಂಧವೇ ಇರಲಿಲ್ಲ. ಬಾಡಿಗೆ ತಾಗಿದ ಕರೆಂಟ್ ಮಣ್ಣಿನ ಮೂಲಕವೇ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ಗೆ ವಾಪಸ್ ಹೋಗಬೇಕಿತ್ತು. ಇಲ್ಲಿ 4 ಓಮ್, ಅಲ್ಲಿನ ನ್ಯೂಟ್ರಲ್ ಪಿಟ್ 1 ಓಮ್, ಒಟ್ಟು 5. 230 ವೋಲ್ಟನ್ನು 5ರಿಂದ ಭಾಗಿಸಿದರೆ 46 ಆಂಪಿಯರ್. 63ರ ಬ್ರೇಕರಿಗೆ ಅದು ಮಾಮೂಲಿ ಲೋಡ್ ಇದ್ದ ಹಾಗೆ, ದಿನವಿಡೀ ಹರಿದರೂ ಟ್ರಿಪ್ ಆಗಿ ಬೀಳುವುದಿಲ್ಲ. ಆ 46 ಆಂಪಿಯರ್ ನಮ್ಮ 4 ಓಮ್ ದಾಟುವಾಗ 184 ವೋಲ್ಟ್ ಆಗುತ್ತದೆ. ಮೀಟರ್ ತೋರಿಸಿದ್ದೂ ಹತ್ತಿರ ಹತ್ತಿರ ಅಷ್ಟೇ ಅಲ್ವಾ? ಅಲ್ಲಿಯವರೆಗೆ ನಾನೂ ಪಿಟ್ ರೀಡಿಂಗ್ ನೋಡಿ ನೆಮ್ಮದಿಯಾಗಿ ಸಹಿ ಹಾಕುತ್ತಿದ್ದೆ. ಫಾಲ್ಟ್ ಕರೆಂಟ್ ವಾಪಸ್ ಬರುವ ದಾರಿಯನ್ನು ಅಳೆದೇ ಇರಲಿಲ್ಲ.

ಹಾಗಾಗಿ ಆ ದಾರಿಯನ್ನೇ ಮಾಡಿಕೊಟ್ಟೆವು. ಮೇನ್ ಪ್ಯಾನೆಲ್ಲಿನ ಅರ್ಥ್ ಬಾರ್‌ನಿಂದ ಮೆಷಿನ್ನಿನವರೆಗೆ, ಕೇಬಲ್ ಜೊತೆಜೊತೆಗೇ, ಸುಮಾರು 60 ಮೀಟರ್ 25×3 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಎಳೆದೆವು. ಆ ಬಾರ್ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ಗೆ ಸೇರಿದೆ. ಹಳೆಯ ಪಿಟ್ ತೆಗೆಯಲಿಲ್ಲ, ಅದನ್ನೂ ಇದಕ್ಕೇ ಜೋಡಿಸಿದೆವು.

ಕೆಲಸ ಶುರುಮಾಡುವ ಮುಂಚೆ ಬ್ರೇಕರ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ನನ್ನ ಜೇಬಿನಲ್ಲಿಟ್ಟುಕೊಂಡೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ನೋಡಿ, ನಂತರ ಕೆಲಸದ ಜಾಗದಲ್ಲಿ ಹಿಡಿದು, ಮತ್ತೆ ಕರೆಂಟ್ ಇರುವ ಕಡೆ ಹಿಡಿಯುತ್ತೇನೆ. ಮಧ್ಯದಲ್ಲಿ ಟೆಸ್ಟರೇ ಕೆಟ್ಟರೆ "ಕರೆಂಟ್ ಇಲ್ಲ" ಎಂಬ ಸುಳ್ಳನ್ನು ನಂಬಿ ಕೈ ಹಾಕಿಬಿಡುತ್ತೇವೆ. ಎಷ್ಟೇ ಅವಸರ ಇರಲಿ, ಇದನ್ನು ನಾನು ಬಿಡುವುದಿಲ್ಲ.

ಪಟ್ಟಿ ಎಳೆದ ಮೇಲೆ, ಫಾಲ್ಟ್ ಕರೆಂಟ್ ಹೋಗಿ ಬರುವ ಪೂರ್ತಿ ದಾರಿಯ ತಡೆ ಅಳೆಯುವ ಲೂಪ್ ಟೆಸ್ಟರ್ ಹಚ್ಚಿದರೆ 1.9 ಓಮ್! ಬರಬೇಕಾದದ್ದು ಅದರ ಹತ್ತಿರಕ್ಕೂ ಇಲ್ಲ. ಒಂದೊಂದೇ ಜಾಯಿಂಟ್ ಬಿಚ್ಚುತ್ತಾ ಹೋದೆವು. ಮೆಷಿನ್ನಿನ ಕಾಲಿನ ಹತ್ತಿರ ಸಿಕ್ಕಿತು: ಬೋಲ್ಟ್ ಗಟ್ಟಿಯಾಗಿಯೇ ಇತ್ತು, ಆದರೆ ಪಟ್ಟಿ ಕೂತಿದ್ದು ದಪ್ಪ ಪೇಂಟಿನ ಮೇಲೆ. ಕಣ್ಣಿಗೆ ಅಚ್ಚುಕಟ್ಟಾದ ಜಾಯಿಂಟ್, ಆದರೆ ಲೋಹಕ್ಕೆ ಲೋಹ ತಾಗಿರಲಿಲ್ಲ. ಪೇಂಟ್ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿದಾಗ 0.3ಕ್ಕೆ ಬಂತು. ಈಗ ಫಾಲ್ಟ್ ಆದರೆ ಸುಮಾರು 766 ಆಂಪಿಯರ್ ಹರಿಯುತ್ತದೆ. ನಮ್ಮದು ಸಿ ಕರ್ವ್ ಎಂಬ ಬಗೆಯ ಎಂಸಿಬಿ, ತನ್ನ ರೇಟಿಂಗಿನ 5ರಿಂದ 10 ಪಟ್ಟಿನೊಳಗೆ ತಕ್ಷಣ ಬೀಳುತ್ತದೆ. 63ಕ್ಕೆ ಹತ್ತು ಪಟ್ಟು ಅಂದರೆ 630. 766 ಅದನ್ನು ದಾಟಿತು, ಇನ್ನು ಅನುಮಾನವಿಲ್ಲ.

ಒಂದು ಸರಿಮಾಡಿದರೆ ಇನ್ನೊಂದು ಹೊರಗೆ ಬರುತ್ತದೆ. ಕೆಲವು ತಿಂಗಳ ನಂತರ ಅದೇ ಲೈನಿನಲ್ಲಿ ಮತ್ತೊಂದು ಅರ್ಥ್ ಫಾಲ್ಟ್ ಆಯಿತು. ಎಂಸಿಬಿ ಬಿತ್ತು, ಜೊತೆಗೆ ಇಡೀ ಪ್ಲಾಂಟಿಗೆ ಕರೆಂಟ್ ಕೊಡುವ 800 ಆಂಪಿಯರ್ ಮುಖ್ಯ ಬ್ರೇಕರ್, ಇನ್‌ಕಮರ್, ಕೂಡ ಬಿತ್ತು. ಇಡೀ ಪ್ಲಾಂಟ್ ಕತ್ತಲೆ. ಇನ್‌ಕಮರಿನ ಅರ್ಥ್ ಫಾಲ್ಟ್ ಸೆಟ್ಟಿಂಗ್ 160 ಆಂಪಿಯರ್ ಇತ್ತು, ತಡ ಸೊನ್ನೆ. ಹಿಂದಿನ 46 ಆಂಪಿಯರ್ ಅದರ ಕಣ್ಣಿಗೆ ಬಿದ್ದಿರಲೇ ಇಲ್ಲ. ಈಗ ದೊಡ್ಡ ಕರೆಂಟ್ ಕಂಡ ಕೂಡಲೇ ಅದೂ ಹಾರಿತು. ರಾತ್ರಿ ಪಾಳಿಯಲ್ಲಿ ಓಡುವ ಮೆಷಿನ್ನುಗಳ ನಡುವೆ ದಿಢೀರ್ ಕತ್ತಲೆಯಾಗುವುದೂ ಅಪಾಯವೇ. 0.3 ಸೆಕೆಂಡ್ ತಡ ಇಟ್ಟೆವು. ಕೆಳಗಿನ ಎಂಸಿಬಿ ಅಷ್ಟರೊಳಗೆ ತನ್ನ ಕೆಲಸ ಮುಗಿಸುತ್ತದೆ, ಮೇಲಿನದು ಕಾಯುತ್ತದೆ.

ಕೈಯಲ್ಲಿ ಹಿಡಿದು ಕೆಲಸ ಮಾಡುವ ಡ್ರಿಲ್, ಗ್ರೈಂಡರುಗಳ ಸಾಕೆಟ್ಟಿಗೆಲ್ಲ, ಸ್ವಲ್ಪ ಕರೆಂಟ್ ಸೋರಿದರೂ ಟ್ರಿಪ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿದೆವು. ಅವುಗಳ ವೈರ್ ನೆಲದ ಮೇಲೆ ಎಳೆದಾಡಿ ಜಾಸ್ತಿ ಸವೆಯುತ್ತದೆ, ಹಿಡಿದವರ ಅಂಗೈ ಬೆವರಿರುತ್ತದೆ. ಡ್ರೈವ್ (ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಇರುವ ಮೋಟಾರುಗಳಿಗೆ ಇದೇ ಆರ್‌ಸಿಸಿಬಿ ಹಾಕಲಿಲ್ಲ. ಡ್ರೈವಿನ ಫಿಲ್ಟರ್ ಸದಾ ಸ್ವಲ್ಪ ಕರೆಂಟನ್ನು ಅರ್ಥಿಗೆ ಬಿಡುತ್ತದೆ. ಅದಕ್ಕೇ ಟ್ರಿಪ್ ಆಗುತ್ತಿದ್ದರೆ ಬೇಸತ್ತ ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ.

ಈಗ ಪ್ರತಿ ಬೋರ್ಡಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಲೂಪ್ ರೀಡಿಂಗ್, ತಾರೀಖು, ದಾಟಬಾರದ ಮಿತಿ. 63ರ ಸಿ ಕರ್ವ್ ಇದ್ದ ಕಡೆ, 230ನ್ನು 630ರಿಂದ ಭಾಗಿಸಿ, ಮಿತಿ 0.36 ಓಮ್. ಕಳೆದ ಸಲ ಅಳೆದಾಗ ಅದೇ ಗ್ರೈಂಡಿಂಗ್ ಮೆಷಿನ್ 0.42 ತೋರಿಸಿತು. ಅಂದರೆ ಸುಮಾರು 547 ಆಂಪಿಯರ್. ಬ್ರೇಕರ್ ತಕ್ಷಣ ಬಿದ್ದರೂ ಬಿತ್ತು, ಇಲ್ಲದಿದ್ದರೆ ಇಲ್ಲ. ಮೆಷಿನ್ ನಿಲ್ಲಿಸಿ ನೋಡಿದೆವು. ಅದರ ಅದುರಾಟಕ್ಕೆ ಅರ್ಥ್ ಬೋಲ್ಟಿನ ನಟ್ ಒಂದು ಸುತ್ತು ಸಡಿಲವಾಗಿತ್ತು. ಬಿಗಿದು, ಮೇಲೆ ಲಾಕ್ ನಟ್ ಹಾಕಿ, ಮತ್ತೆ ಅಳೆದು, ಚೀಟಿಯಲ್ಲಿ 0.3 ಎಂದು ಬರೆದ ಮೇಲೆಯೇ ಸಪ್ಲೈ ಕೊಟ್ಟೆ.