ಬಿಸಿಲಲ್ಲೂ ಗರಿ ಉಬ್ಬಿಸಿ ಕೂತ ಹಕ್ಕಿ: ಏನು ನೋಡಬೇಕು, ಏನು ಮಾಡಬೇಕು?

ಚಳಿಗೆ ಹಕ್ಕಿ ಗರಿ ಉಬ್ಬಿಸಿಕೊಳ್ಳುವುದು ಸಹಜ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಯಾಕೆ ಉಬ್ಬಿಸಿಕೊಳ್ಳಬೇಕು, ಅಲ್ವಾ? ನಮ್ಮ ಮನೆಯ ತಾರಸಿಯಲ್ಲಿ ಹೋದ ಬೇಸಿಗೆ ಒಂದು ಪಾರಿವಾಳ ಹಾಗೆ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಕಾಳು ಎತ್ತಿಕೊಳ್ಳುತ್ತಿತ್ತು, ನುಂಗಲಾಗದೆ ಉಗುಳುತ್ತಿತ್ತು. ಪಶುವೈದ್ಯರು ಕೊಕ್ಕು ಬಿಡಿಸಿ ತೋರಿಸಿದರು. ಗಂಟಲ ತುಂಬ ಹಳದಿ ಗಿಣ್ಣಿನಂಥ ಗಡ್ಡೆ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ಹಕ್ಕಿಗೆ ನೀರಿಡುವ ತಟ್ಟೆ ಯಾವಾಗ ತೊಳೆದಿದ್ದೀರಿ?" ನಾನು ದಿನಾ ನೀರು ತುಂಬಿಸುತ್ತಿದ್ದೆ. ತೊಳೆದಿರಲಿಲ್ಲ.

ಅಂದಿನಿಂದ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ದೂರದಿಂದ ನೋಡಿ

ಕಾಡುಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಸೊರಗಿದ್ದು ಗೊತ್ತಾದರೆ ಬೆಕ್ಕೋ ಹದ್ದೋ ಅದನ್ನೇ ಹಿಡಿಯುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಹತ್ತು ನಿಮಿಷ ಸುಮ್ನೆ ಕೂತು ಗಮನಿಸಿ. ಕಣ್ಣು ಅರೆ ಮುಚ್ಚಿದೆಯೇ? ರೆಕ್ಕೆ ಜೋತಿದೆಯೇ? ಬಾಲದ ಬುಡಕ್ಕೆ ಹಿಕ್ಕೆ ಮೆತ್ತಿದೆಯೇ? ಕೊಕ್ಕು ತೆರೆದು ಏದುಸಿರು ಬಿಡುತ್ತಿದೆಯೇ? ಜೊತೆಯ ಹಕ್ಕಿಗಳು ಹಾರಿದರೂ ಇದು ಕೂತೇ ಇದೆಯೇ?

ಒಂದು ಎಚ್ಚರ. ಮೋಟು ಬಾಲದ, ಪೂರ್ತಿ ಗರಿ ಬಂದ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದಕ್ಕೆ ಕಾಯಿಲೆ ಇಲ್ಲ. ಹಾರಲು ಕಲಿಯುತ್ತಿದೆ. ತಾಯಿ ಹತ್ತಿರದಲ್ಲೇ ಇರುತ್ತದೆ. ಬೆಕ್ಕು, ನಾಯಿಯನ್ನು ದೂರವಿಡಿ, ಮರಿಯನ್ನು ಅಲ್ಲೇ ಬಿಡಿ.

ಹುಳು ಇದ್ದ ಮಾತ್ರಕ್ಕೆ ಗಾಬರಿ ಬೇಡ

ಹೇನು, ನುಸಿ, ಉಣ್ಣೆ, ಹೊಟ್ಟೆಯ ಜಂತು: ಇವುಗಳಲ್ಲಿ ಒಂದೂ ಇಲ್ಲದ ಕಾಡುಹಕ್ಕಿ ಸಿಗುವುದು ಕಷ್ಟ. ಹಕ್ಕಿಗೆ ತನ್ನದೇ ಮದ್ದು ಉಂಟು. ಗುಬ್ಬಚ್ಚಿ ಒಣ ಮಣ್ಣಿನಲ್ಲಿ ಹೊರಳುತ್ತದೆ. ಕಾಗೆ ರೆಕ್ಕೆ ಹರಡಿ ಬಿಸಿಲು ಕಾಯುತ್ತದೆ. ಹರಟೆಮಲ್ಲಗಳು ಸಾಲಾಗಿ ಕೂತು ಒಂದರ ಕತ್ತಿನ ಗರಿಯನ್ನು ಇನ್ನೊಂದು ಕೆದಕುತ್ತವೆ. ತನ್ನ ಕೊಕ್ಕು ಮುಟ್ಟದ ಜಾಗ ಅದು, ಜೊತೆಗಾರರೇ ನೋಡಿಕೊಳ್ಳಬೇಕು. ಈ ನೋಟವನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಹೊಟ್ಟೆ ತುಂಬಿದ ಹಕ್ಕಿ ಹತ್ತಾರು ಜಂತುಗಳನ್ನು ಇಟ್ಟುಕೊಂಡೇ ಮರಿ ಸಾಕುತ್ತದೆ. ತೊಂದರೆ ಶುರುವಾಗುವುದು ಕೆರೆ ಬತ್ತಿದಾಗ, ಬಿಸಿಲು ಹೆಚ್ಚಿದಾಗ, ಗೂಡಿನ ಮರ ಉರುಳಿದಾಗ. ಆಗ ಹಕ್ಕಿಯ ಮೈಯಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ನಾಲ್ಕು ನಿಮಿಷ ಏರಿದರೆ ಒಳ್ಳೆಯದೇ, ತಪ್ಪಿಸಿಕೊಂಡು ಹಾರಲು ಕಸುವು ಕೊಡುತ್ತದೆ. ವಾರಗಟ್ಟಲೆ ಏರಿಯೇ ಇದ್ದರೆ ಕಾಯಿಲೆ ತಡೆಯುವ ಶಕ್ತಿ ಕುಗ್ಗುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಹುಳು ಆಗ ಮೇಲುಗೈ ಪಡೆಯುತ್ತದೆ. ಜಂತು ಬಿದ್ದ ಹಕ್ಕಿಗೆ ಮೇವು ಹುಡುಕುವ ತ್ರಾಣ ಕಡಿಮೆ. ಮೇವು ಕಡಿಮೆಯಾದಂತೆ ಜಂತು ಜಾಸ್ತಿ. ಹಕ್ಕಿ ಸಾಯುವುದು ಬಹುಪಾಲು ಈ ಸುಳಿಯಲ್ಲಿ ಸಿಕ್ಕಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಕೊನೆಯಿಂದ 2018ರವರೆಗೆ ಹತ್ತಾರು ಹೆಜ್ಜಾರ್ಲೆಗಳು (ಪೆಲಿಕನ್‌ಗಳು) ಸತ್ತವು. ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವ ಹಕ್ಕಿಗಳಿವು. ಹೆರಿಗೆಗೆ ಬಂದ ಮಗಳಂತೆ ಊರವರು ಅವನ್ನು ನೋಡಿಕೊಳ್ಳುತ್ತಾರೆ. ಅಂಥ ಊರಿನ ಅಂಗಳದಲ್ಲೇ ದೊಡ್ಡ ಹಕ್ಕಿಗಳು ಕೊಂಬೆಯಿಂದ ಬಿದ್ದವು. ಶವಪರೀಕ್ಷೆಯಲ್ಲಿ ಸಿಕ್ಕಿದ್ದು ದುಂಡುಹುಳು ಎಂಬ ಜಂತುಗಳು.

ಮೀನು ತಿನ್ನುವ ಹಕ್ಕಿಗಳ ಹೊಟ್ಟೆಗೆ ಇಂಥ ಹುಳು ಹೋಗುವ ದಾರಿ ಹೀಗಿದೆ. ಹುಳುವಿನ ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಅದರಿಂದ ಹೊರಬಂದ ಮರಿಯನ್ನು ಸಿಗಡಿಯ ದಾಯಾದಿಗಳಾದ, ಸಾಸಿವೆಗಿಂತ ಚಿಕ್ಕ ನೀರುಜೀವಿಗಳು ನುಂಗುತ್ತವೆ. ಅವನ್ನು ಮೀನು ತಿನ್ನುತ್ತದೆ. ಮೀನನ್ನು ಹೆಜ್ಜಾರ್ಲೆಯೋ ನೀರುಕಾಗೆಯೋ ತಿನ್ನುತ್ತದೆ. ಹುಳು ಅಲ್ಲಿ ಬಲಿತು ಮತ್ತೆ ಮೊಟ್ಟೆ ಇಡುತ್ತದೆ. ತುಂಬಿದ ದೊಡ್ಡ ಕೆರೆಯಲ್ಲಿ ಈ ಮೊಟ್ಟೆಗಳು ಚದುರಿ ಹೋಗುತ್ತವೆ. ಕೆರೆ ಕುಗ್ಗಿ ಒಂದು ಮಡುವಾದಾಗ ಹಿಕ್ಕೆ, ಮೀನು, ಹಕ್ಕಿ ಎಲ್ಲವೂ ಅಷ್ಟೇ ಜಾಗದಲ್ಲಿ ಕೂಡುತ್ತವೆ. ಚರಂಡಿ ನೀರು ಬಂದು ಸೇರಿದರೆ ಕೆಸರಿನ ಹುಳಗಳು ಹೆಚ್ಚುತ್ತವೆ. ಕೆಲವು ಜಾತಿಯ ಜಂತುಗಳಿಗೆ ಮೊದಲ ಮನೆಯೇ ಆ ಕೆಸರಿನ ಹುಳ. ಹಾಗಾಗಿ ಮರದ ಕೆಳಗೆ ಹಕ್ಕಿ ಬಿದ್ದಾಗ ಕೆರೆಯ ಕಡೆಗೂ ನಡೆದು ಹೋಗಿ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ.

ನೀರಿನ ತಟ್ಟೆ ಇವತ್ತೇ ತೊಳೆಯಿರಿ

ನಮ್ಮ ಪಾರಿವಾಳದ ಗಂಟಲಲ್ಲಿದ್ದದ್ದು ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ ತರುವ ಕಾಯಿಲೆ. ಒಂದು ಹಕ್ಕಿಯ ಜೊಲ್ಲಿನಿಂದ ನೀರಿಗೆ, ನೀರಿನಿಂದ ಇನ್ನೊಂದು ಹಕ್ಕಿಗೆ ಹೋಗುತ್ತದೆ. ಪಾರಿವಾಳ ಮರಿಗೆ ಉಣಿಸುವಾಗಲೂ ದಾಟುತ್ತದೆ. ಆ ಪಾರಿವಾಳವನ್ನು ಹಿಡಿದು ತಿಂದ ಡೇಗೆಗೂ ಬರುತ್ತದೆ. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಇದೇ ಕಾಯಿಲೆ ಹಸಿರು ಫಿಂಚ್ ಹಕ್ಕಿಗಳಿಗೆ ಹಬ್ಬಿತು. ಜನ ಪ್ರೀತಿಯಿಂದ ಕಾಳು, ನೀರು ಇಟ್ಟ ಜಾಗಗಳೇ ಹಕ್ಕಿಗಳು ಒಟ್ಟುಗೂಡಿ ಸೋಂಕು ಹಂಚಿಕೊಳ್ಳುವ ತಾಣವಾದವು. ಕೈತೋಟಗಳಲ್ಲಿ ದಿನವೂ ಕಾಣುತ್ತಿದ್ದ ಆ ಹಕ್ಕಿ 2021ರಲ್ಲಿ ಅಲ್ಲಿನ ಕೆಂಪು ಪಟ್ಟಿಗೆ, ಅಂದರೆ ಉಳಿವಿನ ಬಗ್ಗೆ ಹೆಚ್ಚು ಕಾಳಜಿ ಬೇಕಾದ ಹಕ್ಕಿಗಳ ಪಟ್ಟಿಗೆ ಸೇರಿತು.

ಈ ಜೀವಿಗೆ ಒಣಗುವುದನ್ನು ತಾಳಲಾಗದು. ನಮಗೆ ಇರುವ ಉಪಾಯವೂ ಅದೇ.

ಎರಡು ಮಣ್ಣಿನ ತಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದು ಬಿಸಿಲಿಗೆ ಬೋರಲು. ದಿನಾ ಬೆಳಿಗ್ಗೆ ಹಳೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಅದಲು ಬದಲು ಮಾಡಿ. ವಾರಕ್ಕೊಮ್ಮೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ವಾಸನೆ ಹೋಗುವ ತನಕ ತೊಳೆದು, ಪೂರ್ತಿ ಒಣಗಿಸಿ. ತಟ್ಟೆಯ ನೀರು ಎರಡು ಅಂಗುಲ ಆಳ ಇದ್ದರೆ ಸಾಕು. ತಂತಿಯ ಕೆಳಗೆ, ಮರದ ಕೊಂಬೆಯ ನೇರ ಕೆಳಗೆ ಇಡಬೇಡಿ, ಮೇಲಿನಿಂದ ಹಿಕ್ಕೆ ಬೀಳುತ್ತದೆ. ಕಾಳನ್ನು ಒಂದೇ ಕಡೆ ರಾಶಿ ಹಾಕುವ ಬದಲು ಸ್ವಲ್ಪ ಸ್ವಲ್ಪ ಚೆಲ್ಲಿ. ಕಾಯಿಲೆಯ ಹಕ್ಕಿ ಕಂಡಿತೋ, ಎರಡು ವಾರ ಕಾಳು, ನೀರು ಎರಡನ್ನೂ ನಿಲ್ಲಿಸಿ. ಮನಸ್ಸಿಗೆ ಕಷ್ಟವಾಗುತ್ತದೆ, ನನಗೂ ಆಯಿತು. ಆದರೆ ಹಕ್ಕಿಗಳು ಚದುರಿ ಹೋಗುವುದೇ ಆಗ ಅವಕ್ಕೆ ಒಳ್ಳೆಯದು.

ದಿನಾ ನೀರು ಬದಲಿಸಲು ಇನ್ನೊಂದು ಕಾರಣ ಸೊಳ್ಳೆ. ಹಕ್ಕಿಗಳಿಗೂ ಮಲೇರಿಯಾ ಬರುತ್ತದೆ. ಅದು ಮನುಷ್ಯರಿಗೆ ಹರಡುವ ಮಲೇರಿಯಾ ಅಲ್ಲ. ಹವಾಯಿ ದ್ವೀಪಗಳಿಗೆ ಸೊಳ್ಳೆ ಬಂದದ್ದೇ 19ನೇ ಶತಮಾನದಲ್ಲಿ, ಹಡಗುಗಳ ಜೊತೆ. ಆ ಮಲೇರಿಯಾವನ್ನು ಎಂದೂ ಕಾಣದ ಅಲ್ಲಿನ ಪುಟ್ಟ ಹಕ್ಕಿಗಳು ತಗ್ಗಿನ ಕಾಡುಗಳಲ್ಲಿ ಅಳಿದುಹೋದವು. ಎತ್ತರದ ತಂಪು ಬೆಟ್ಟಗಳಲ್ಲಿ ಸೊಳ್ಳೆ ಇರಲಿಲ್ಲ, ಅಲ್ಲಿ ಉಳಿದುಕೊಂಡಿದ್ದವು. ಈಗ ಬಿಸಿ ಏರುತ್ತಿದ್ದಂತೆ ಸೊಳ್ಳೆಯೂ ಬೆಟ್ಟ ಹತ್ತುತ್ತಿದೆ.

ಗೂಡಿನ ಪೆಟ್ಟಿಗೆ

ಗುಬ್ಬಚ್ಚಿಗೆಂದು ಪೆಟ್ಟಿಗೆ ತೂಗಿಹಾಕಿದ್ದೀರಾ? ಮರಿಗಳು ಹಾರಿಹೋದ ಮೇಲೆ, ಹೊಸ ಮೊಟ್ಟೆ ಇಲ್ಲ ಎಂದು ಖಚಿತ ಮಾಡಿಕೊಂಡು ಹಳೆ ಹುಲ್ಲು ತೆಗೆಯಿರಿ. ನುಸಿ ಅದರಲ್ಲೇ ಕಾದು ಕೂತಿರುತ್ತದೆ. ಕುದಿಯುವ ನೀರು ಸುರಿದು ಬಿಸಿಲಿಗಿಡಿ. ಕೀಟನಾಶಕ ಬೇಡವೇ ಬೇಡ.

ಹಕ್ಕಿ ಬಿದ್ದಿದ್ದರೆ

ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ತೆಳು ಬಟ್ಟೆಯಿಂದ ತಲೆ ಸಮೇತ ಮುಚ್ಚಿ ಎತ್ತಿ. ಕತ್ತಲಾದರೆ ಅದರ ಎದೆಬಡಿತ ತಗ್ಗುತ್ತದೆ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಳೆ ಬಟ್ಟೆ ಹಾಸಿ, ಸದ್ದಿಲ್ಲದ ಕಡೆ ಇಡಿ. ಮಕ್ಕಳು ಪದೇ ಪದೇ ತೆರೆದು ನೋಡದಂತೆ ನೋಡಿಕೊಳ್ಳಿ. ನಮ್ಮ ಮುಖ ಕಾಣುವುದೇ ಅದಕ್ಕೆ ದೊಡ್ಡ ಹೆದರಿಕೆ.

ಬಾಯಿಗೆ ನೀರು ಹನಿಸಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೀರು ನೇರ ಒಳಗೆ ಇಳಿದು ಉಸಿರು ಕಟ್ಟುತ್ತದೆ. ಹಾಲು, ಬ್ರೆಡ್ಡು, ಅನ್ನವೂ ಬೇಡ. ಕೋಳಿಗೆ ಕೊಡುವ ಜಂತುಮದ್ದನ್ನು ಅಂದಾಜಿನಲ್ಲಿ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಹುಳು ಎಂದು ಹಿಕ್ಕೆ ಪರೀಕ್ಷೆಯಿಂದ ತಿಳಿಯಬೇಕು, ತೂಕ ನೋಡಿ ಮದ್ದು ಕೊಡಬೇಕು. ಸೊರಗಿದ ಹಕ್ಕಿಗೆ ಅಳತೆ ತಪ್ಪಿದ ಮದ್ದೇ ಸಾವು ತರಬಹುದು. ಅರಣ್ಯ ಇಲಾಖೆಗೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಬೇಗ ತಿಳಿಸಿ. ವಾಸಿಯಾದ ಮೇಲೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ.

ಒಂದಕ್ಕಿಂತ ಹೆಚ್ಚು ಸತ್ತಿದ್ದರೆ

ಮುಟ್ಟಲೇಬೇಡಿ. ಹಕ್ಕಿಜ್ವರವೂ ಇರಬಹುದು. ಫೋಟೊ ತೆಗೆದು, ಜಾಗ ಗುರುತಿಟ್ಟು, ಅದೇ ದಿನ ತಿಳಿಸಿ. ಇಲ್ಲಿ ಒಂದು ದಿನದ ತಡವೂ ದುಬಾರಿ. ರಾಜಸ್ಥಾನದ ಸಾಂಭರ್ ಕೆರೆಯಲ್ಲಿ 2019ರ ನವೆಂಬರಿನಲ್ಲಿ 18,000ಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಕಾರಣ ಹುಳುವಲ್ಲ, ಬಾಟುಲಿಸಮ್ ಎಂಬ ವಿಷಬಾಧೆ. ಆಮ್ಲಜನಕ ಇಲ್ಲದ ಬೆಚ್ಚಗಿನ ಕೆಸರಿನಲ್ಲಿ, ಕೊಳೆಯುವ ಹೆಣದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದರ ವಿಷವನ್ನು ಹುಟ್ಟಿಸುತ್ತದೆ. ಸತ್ತ ಹಕ್ಕಿಯ ಮೈಯಲ್ಲಿ ಬೆಳೆಯುವ ನೊಣದ ಹುಳಗಳಲ್ಲಿ ವಿಷ ಸೇರುತ್ತದೆ, ಅವನ್ನು ತಿಂದ ಹಕ್ಕಿ ಸಾಯುತ್ತದೆ, ಅದರಲ್ಲಿ ಮತ್ತೆ ಹುಳ. ಹೆಣಗಳನ್ನು ಬೇಗ ತೆಗೆದಷ್ಟೂ ಉಳಿದವು ಬದುಕುತ್ತವೆ.

ತಿಳಿಸುವಾಗ "ಹಕ್ಕಿ ಸತ್ತಿದೆ" ಎಂದಷ್ಟೇ ಹೇಳಬೇಡಿ. ಯಾವ ಹಕ್ಕಿ, ಎಷ್ಟು, ದೊಡ್ಡವೋ ಮರಿಗಳೋ. ಕೆರೆಯ ನೀರು ಕಳೆದ ತಿಂಗಳಿಗಿಂತ ಎಷ್ಟು ಇಳಿದಿದೆ. ಬಣ್ಣ, ನೊರೆ, ವಾಸನೆ ಹೇಗಿದೆ. ಮೀನು ಸತ್ತು ತೇಲುತ್ತಿವೆಯೇ. ಚರಂಡಿ ಎಲ್ಲಿ ಬಂದು ಸೇರುತ್ತದೆ. ನಾನು ಇದಕ್ಕೆಂದೇ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಪ್ರತಿ ಭಾನುವಾರ ನಮ್ಮೂರ ಕೆರೆಯ ತೂಬಿನ ಕಲ್ಲಿನಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ನಿಂತಿದೆ ಎಂದು ಬರೆಯುತ್ತೇನೆ. ಅದರ ಪಕ್ಕದಲ್ಲಿ ಅಂದು ಕಂಡ ನೀರುಕಾಗೆಗಳ ಲೆಕ್ಕ.