ಟ್ರಕ್ಕೂ ಅಲ್ಲ, ರೋಬೋಟೂ ಅಲ್ಲ ಅನ್ನುವ ಹೊತ್ತಲ್ಲಿ

ರೂಪ ಬದಲಿಸುವ ರೋಬೋಟ್ ಗೊಂಬೆಯನ್ನು ಫೋಟೋ ನೋಡಿ ಅಳೆಯೋದಕ್ಕಾಗಲ್ಲ. ರೋಬೋಟಾಗಿ ನಿಂತಾಗ ಕಣ್ಣು ತುಂಬುವಂಥವು ಬೇಕಾದಷ್ಟಿವೆ. ಗಾಡಿಯಾಗಿ ಚೆಂದ ಇರುವವೂ ಇವೆ. ಆದರೆ ಅದು ಅರ್ಧ ಬಿಚ್ಚಿಕೊಂಡು, ಎರಡೂ ಆಗಿರದ ಹೊತ್ತಲ್ಲಿ ಕೈಯಲ್ಲಿ ಹೇಗಿರುತ್ತದೆ? ನಾನು ತೀರ್ಮಾನ ಮಾಡೋದು ಅಲ್ಲೇ.

ನಾನು ಬಹಳ ಮೆಚ್ಚುವ ಎಂಪಿ-10 ಆಪ್ಟಿಮಸ್ ಪ್ರೈಮನ್ನೇ ತೆಗೆದುಕೊಳ್ಳಿ, ಟ್ರಾನ್ಸ್‌ಫಾರ್ಮರ್ಸ್ ಕಥೆಯ ನಾಯಕ, ಟ್ರಕ್ಕಾಗುವ ರೋಬೋಟ್. ಜಪಾನಿನ ಆಟಿಕೆ ಕಂಪನಿ ತಕಾರಾ ಟೋಮಿಯವರು 2011ರಲ್ಲಿ ಸಂಗ್ರಾಹಕರಿಗೆಂದೇ ಮಾಡುವ ಮಾಸ್ಟರ್‌ಪೀಸ್ ಸಾಲಿನಲ್ಲಿ ತಂದದ್ದು. 2003ರ ಮೊದಲ ಮಾಸ್ಟರ್‌ಪೀಸ್ ಆಪ್ಟಿಮಸ್ ಇದಕ್ಕಿಂತ ದೊಡ್ಡದು, ಲೋಹವೂ ಜಾಸ್ತಿ, ಎತ್ತಿದರೆ ಕೈ ಸೋಲುತ್ತಿತ್ತು. ಎಂಪಿ-10ರಲ್ಲಿ ಅಳತೆ ಇಳಿಸಿದರು. ಅದರಿಂದ ಆದ ಲಾಭ ಏನು ಗೊತ್ತಾ? ಆಮೇಲೆ ಇದೇ ಸಾಲಿನಲ್ಲಿ ಬಂದ, ಕಾರಾಗುವ ರೋಬೋಟ್‌ಗಳಾದ ಲಂಬೋರ್ಗಿನಿ ಕೌಂಟಾಕ್, ಫೋಕ್ಸ್‌ವ್ಯಾಗನ್ ಬೀಟಲ್ ಎಲ್ಲ ಇದರ ಪಕ್ಕ ನಿಂತರೆ ಒಂದೇ ಮನೆಯವರ ಹಾಗೆ ಕಾಣುತ್ತವೆ. ಸಂಗ್ರಹ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹೊಸದನ್ನು ಹೊರಗಿಂದ ತರಿಸುವುದು ಈಗ ಕಷ್ಟ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರಿಂದ ಐಎಸ್‌ಐ ಗುರುತೂ ಕಡ್ಡಾಯ. ಹಾಗಾಗಿ ನಾನು ಜಾಸ್ತಿ ಕೊಳ್ಳುವುದು ಬೆಂಗಳೂರಿನ ಇತರ ಸಂಗ್ರಾಹಕರಿಂದಲೇ. ಮನೆಗೆ ಹೋಗಿ, ಕೈಯಲ್ಲಿ ಹಿಡಿದು ನೋಡುವ ಅವಕಾಶ ಅಲ್ಲಿ ಸಿಗುತ್ತದೆ. "ಸರ್, ಒಂದ್ಸಲ ನೀವೇ ಟ್ರಕ್ ಮಾಡಿ ತೋರಿಸ್ತೀರಾ?" ಅಂತ ಮೊದಲು ಕೇಳುತ್ತೇನೆ. ಅವರ ಬೆರಳು ಎಲ್ಲಿ ತಡೆಯುತ್ತದೆ, ಎಲ್ಲಿ ಒತ್ತಿ ತಿರುಗಿಸುತ್ತಾರೆ ಅಂತ ನೋಡಿದರೆ ಆ ಗೊಂಬೆ ಹೇಗೆ ಬಾಳಿದೆ ಅನ್ನೋದು ಅರ್ಧ ತಿಳಿಯುತ್ತದೆ.

ಆಮೇಲೆ ನನ್ನ ಸರದಿ. ಟ್ರಕ್ಕಿನಿಂದ ರೋಬೋಟ್ ಮಾಡುವಾಗ ಹಿಂದಿನ ಚಕ್ರಗಳ ಭಾಗ ಕಾಲಾಗುತ್ತದೆ, ಮುಂದಿನ ಕಿಟಕಿಗಳೇ ಎದೆಯಾಗುತ್ತವೆ. ಕೆಲವು ಗೊಂಬೆಗಳಲ್ಲಿ ಗಾಡಿಯ ಕಿಟಕಿ ಬೆನ್ನ ಹಿಂದೆ ಅಡಗಿರುತ್ತದೆ, ಎದೆಯ ಮೇಲೆ ಬೇರೆ ಸುಳ್ಳು ಕಿಟಕಿ ಇಟ್ಟಿರುತ್ತಾರೆ. ನೋಡೋದಕ್ಕೆ ಅಚ್ಚುಕಟ್ಟು, ಒಪ್ಪುತ್ತೇನೆ. ಆದರೂ ಒಂದೇ ಭಾಗ ಎರಡು ಕೆಲಸ ಮಾಡಿದಾಗ ಸಿಗುವ ಖುಷಿ ಅದರಲ್ಲಿ ನನಗಂತೂ ಇಲ್ಲ. ಎಂಪಿ-10ರ ಬಂದೂಕು ಕೂಡ ಹಾಗೇ ಜಾಣತನದ್ದು: ಮಡಚಿಕೊಂಡು ಬೆನ್ನೊಳಗೇ ಸೇರಿಬಿಡುತ್ತದೆ, ಬೇರೆ ಕಡೆ ಎತ್ತಿಡಬೇಕಾಗಿಲ್ಲ.

ನಡುವೆ ನಿಲ್ಲಿಸಿ ನೋಡುವಾಗ ನನ್ನ ಕಣ್ಣು ಮೂಲೆಗಳಿಗೆ ಹೋಗುತ್ತದೆ. ಒಂದು ಹಲಗೆ ಇನ್ನೊಂದರ ಮೇಲೆ ಜಾರುವ ಜಾಗದಲ್ಲಿ ಬಣ್ಣ ಕೆರೆದಿದೆಯಾ? ಕೊಂಡಿ ಸಿಕ್ಕಿಕೊಳ್ಳುವ ಕಡೆ ಪ್ಲಾಸ್ಟಿಕ್ ಬೆಳ್ಳಗಾಗಿದೆಯಾ? ಈ ಬಿಳಿ ಗೆರೆ ಬಂದಿದೆ ಅಂದರೆ ಯಾರೋ ಜೋರು ಮಾಡಿದ್ದಾರೆ, ಅದು ಯಾವತ್ತಾದರೂ ಬಿರುಕು ಬಿಡಬಹುದು. ಪಿನ್ ಹಾಯುವ ರಂಧ್ರದ ಸುತ್ತ, ಅದರಲ್ಲೂ ಪಾರದರ್ಶಕ ಪ್ಲಾಸ್ಟಿಕ್ ಇದ್ದರೆ, ಟಾರ್ಚ್ ಹಿಡಿದು ನೋಡುತ್ತೇನೆ. ಕೂದಲೆಳೆಯಷ್ಟು ಬಿರುಕು ಹಗಲು ಬೆಳಕಲ್ಲೂ ತಪ್ಪಿಸಿಕೊಳ್ಳುತ್ತದೆ.

ಹಳೆಯ ಗೊಂಬೆಗಳಲ್ಲಿ ಇನ್ನೂ ಎರಡು ರೋಗ. 1990ರ ದಶಕದ ಕೆಲವಲ್ಲಿ ಮಿನುಗುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಇದೆ. ಅದು ಪೆಟ್ಟಿಗೆಯಲ್ಲೇ ಇದ್ದರೂ ಒಳಗಿಂದ ಸತ್ವ ಕಳೆದುಕೊಂಡು, ಮುಟ್ಟಿದರೆ ಪುಡಿಯಾಗುತ್ತದೆ. ಅಂಥದ್ದನ್ನು ತಿರುಗಿಸಿ ಪರೀಕ್ಷೆ ಮಾಡಲು ಹೋಗಬೇಡಿ, ದಯವಿಟ್ಟು. ಬಿಳಿ ಪ್ಲಾಸ್ಟಿಕ್ ಹಳದಿಯಾಗೋದು ಇನ್ನೊಂದು. 1985ರ, ಜೆಟ್ ವಿಮಾನವಾಗುವ ಬಿಳಿ ರೋಬೋಟ್ ಜೆಟ್‌ಫೈರ್ ಇದಕ್ಕೇ ಹೆಸರುವಾಸಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ, ಆದರೆ ಹಳದಿ ಮತ್ತೆ ಬರುವುದುಂಟು. ಮಾರುವವರನ್ನು ಈ ಬಗ್ಗೆ ನೇರವಾಗಿ ಕೇಳಿಬಿಡುತ್ತೇನೆ.

ರೋಬೋಟ್ ಪೂರ್ತಿಯಾದ ಮೇಲೆ ತೋಳನ್ನು ಭುಜದ ಮಟ್ಟಕ್ಕೆ ಎತ್ತಿ, ಕೈಗೆ ಬಂದೂಕು ಕೊಟ್ಟು ಬಿಡುತ್ತೇನೆ. ಮಾತಾಡುತ್ತಾ ಕಾಫಿ ಕುಡಿಯುವಷ್ಟರಲ್ಲಿ ತೋಳು ಇಳಿದರೆ ಕೀಲು ಸಡಿಲ. ಕಟಕಟ ಅನ್ನುವ ಹಲ್ಲಿನ ಕೀಲಾದರೆ ಪ್ರತಿ ಹಲ್ಲೂ ಒಂದೇ ಬಲದಲ್ಲಿ ಕೂರಬೇಕು. ಒಂದು ಕಾಲು ಮುಂದಿಟ್ಟು, ಸೊಂಟ ತಿರುಗಿಸಿ ನಿಲ್ಲಿಸಿದಾಗಲೂ ಬೀಳಬಾರದು. ಮತ್ತೆ ಟ್ರಕ್ ಮಾಡಿ ಗಾಜಿನ ಮೇಜಿನ ಮೇಲೆ ಉರುಳಿಸುತ್ತೇನೆ. ಯಾವುದಾದರೂ ಚಕ್ರ ಗಾಳಿಯಲ್ಲಿ ನಿಂತಿದ್ದರೆ ಒಳಗೆ ಎಲ್ಲೋ ಒಂದು ಕೊಂಡಿ ಪೂರ್ತಿ ಕೂತಿಲ್ಲ ಅಂತಲೇ.

ನಕಲಿ ಮಾಲು ಗುರುತಿಸೋದಕ್ಕೆ ಅಳತೆ ಪಟ್ಟಿ ಸಾಕು ಅನ್ನುವವರಿದ್ದಾರೆ. ಕೆಲವು ನಕಲಿಗಳು ಬೇಕಂತಲೇ ದೊಡ್ಡದಾಗಿರುತ್ತವೆ ಅನ್ನೋದು ನಿಜ. ಅದೇ ಅಳತೆಯವೂ ಇವೆಯಲ್ಲ? ನಾನು ಸ್ಕ್ರೂ ತಲೆ, ಬಣ್ಣದ ಅಂಚು, ಒಳಗಿನ ಹಕ್ಕುಸ್ವಾಮ್ಯದ ಅಚ್ಚು ಮೂರನ್ನೂ ಸೇರಿಸಿ ನೋಡುತ್ತೇನೆ.

ಕೊನೆಗೆ ಬೆಲೆಯ ಮಾತು. ಬಾಲ್ ಜಾಯಿಂಟ್, ಅಂದರೆ ಚೆಂಡಿನ ಕೀಲು, ಸಡಿಲ ಇದ್ದರೆ ನಾನು ಜಾಸ್ತಿ ಚೌಕಾಸಿ ಮಾಡಲ್ಲ. ಚೆಂಡಿನ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಹಚ್ಚಿ, ರಾತ್ರಿಯಿಡೀ ಒಣಗಿಸಿ ಮತ್ತೆ ಸೇರಿಸಿದರೆ ಸರಿಹೋಗುತ್ತದೆ. ಎದೆಯೊಳಗೆ ಕೂರುವ ಮ್ಯಾಟ್ರಿಕ್ಸ್ ಅನ್ನುವ ಪುಟ್ಟ ಬಿಡಿಭಾಗ, ಟ್ರೇಲರ್ ಜೊತೆ ಬರುವ ರೋಲರ್ ಅನ್ನುವ ಪುಟ್ಟ ಗಾಡಿ, ಇವು ಕಾಣೆಯಾಗಿದ್ದರೆ ಮಾತ್ರ ಚೆನ್ನಾಗಿ ಇಳಿಸಿ ಕೇಳುತ್ತೇನೆ, ಬಿಡಿಯಾಗಿ ಹುಡುಕುವುದು ಅಷ್ಟು ಕಷ್ಟ. ಪಿನ್ ಸುತ್ತ ಬಿರುಕು ಕಂಡರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅಂತ ಹೇಳಿ, ಅದು ಯಾವ ಜಾಗ ಅಂತ ಅವರಿಗೂ ತೋರಿಸಿ ಬರುತ್ತೇನೆ.